ನನ್ನ ಜೇಬಿನ ಕಡಲೆಬೀಜ

ಮೊಮ್ಮಗಳು ದೀಕ್ಷಾ ಈ ವರ್ಷ ನಾಲ್ಕನೇ ಕ್ಲಾಸಿಗೆ ಹೋದಳು. ಮನೆಯಲ್ಲಿ ನಾವೆಲ್ಲ ಅವಳನ್ನು ಪುಟ್ಟಿ ಅಂತಲೇ ಕರೆಯುವುದು. ಎಲ್ಲರ ಮನೆ ಮಕ್ಕಳೂ ನಾಲ್ಕನೇ ಕ್ಲಾಸಿಗೆ ಹೋಗುತ್ತಾರೆ, ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಅಂತ ನೀವು ಕೇಳಬಹುದು. ನನಗಿದೆ. ಬೆಳಿಗ್ಗೆ ಅವಳು ಬ್ಯಾಗು ಏರಿಸಿಕೊಂಡು "ತಾತ, ಬರ್ತೀನಿ" ಅಂತ ಹೊರಟಾಗಲೆಲ್ಲ ಯಾರಿಗಾದರೂ ಕೈ ಮುಗಿಯಬೇಕು ಅನ್ನಿಸುತ್ತದೆ. ಕೈ ಮುಗಿಯಬೇಕಾದವರು ಬಹಳ ಜನ ಇದ್ದಾರೆ. ಅದಕ್ಕೇ ಬರೆಯಲು ಕೂತೆ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೇ. ಆಮೇಲೆ ಅಪ್ಪ ಮಗ್ಗದ ಹತ್ತಿರ ಕೂರಿಸಿದರು. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆ ಇಲ್ಲ. ಇದನ್ನು ಬರೆದ ಮೇಲೆ ಸೊಸೆ ರೇಖಾ ಕಾಗುಣಿತ ತಿದ್ದಿಕೊಟ್ಟಿದ್ದಾಳೆ. ಕಾಗುಣಿತದ ತಪ್ಪು ಮಾತ್ರ ತೆಗಿ, ನಾನು ಮಾಡಿದ ತಪ್ಪು ಇರಲಿ ಅಂತ ಹೇಳಿದ್ದೇನೆ.

ಮಗ್ಗದ ಮುಂದೆ ನಿಂತು ನಿಂತು ನನ್ನ ಮಂಡಿ ಸವೆದಿದೆ. ಈಗ ಮಗ್ಗ ನೋಡಿಕೊಳ್ಳುವುದು ಮಗ ಮಂಜುನಾಥ. ನನ್ನ ಪಾಲಿಗೆ ಉಳಿದಿರುವುದು ಎಳೆ ಸೇರಿಸುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಸೇರಿಸಿ ಬೆರಳಲ್ಲಿ ಹೊಸೆಯಬೇಕು. ಸಾವಿರಾರು ಎಳೆ. ಬೆರಳು ಒಣಗಿದ್ದರೆ ರೇಷ್ಮೆ ಜಾರುತ್ತದೆ. ಕೆಲವರು ಬೂದಿ ಮುಟ್ಟಿಕೊಂಡು ಹೊಸೆಯುತ್ತಾರೆ. ನಾನು ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಹೊಸೆಯುವವನು. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು. ಪುಟ್ಟಿ ಶಾಲೆಯಿಂದ ಬಂದ ಕೂಡಲೇ ನನ್ನ ಎದುರಿಗೆ ಕೂತು ಎಳೆ ಬಿಡಿಸಿ ಬಿಡಿಸಿ ಕೊಡುತ್ತಿದ್ದಳು. ದಿನದಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ.

ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಸಂಕ್ರಾಂತಿಯ ಸಂಜೆ ಅದು ಶುರುವಾಯಿತು. ಹೊಸ ಲಂಗ ಉಟ್ಟು, ಮನೆಮನೆಗೆ ಎಳ್ಳು ಬೀರಿ, ತಟ್ಟೆ ತುಂಬ ಎಳ್ಳು ಬೆಲ್ಲ ತಂದು ಜಗುಲಿಯ ಮೇಲೆ ಕೂತಿದ್ದಳು. ಮೊದಲಿಂದಲೂ ಅವಳಿಗೆ ಒಂದು ಚಾಳಿ. ಚಿತ್ರಾನ್ನದಲ್ಲಿ, ಒಗ್ಗರಣೆ ಅವಲಕ್ಕಿಯಲ್ಲಿ ಕಡಲೆಬೀಜ ಕಂಡರೆ ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗಿಡುತ್ತಿದ್ದಳು. "ನಾಲಿಗೆ ಕಡಿಯುತ್ತೆ ತಾತ" ಅನ್ನುತ್ತಿದ್ದಳು. ಅದು ತಿನ್ನದೇ ಇರುವುದಕ್ಕೆ ಹೂಡುವ ಆಟ ಅಂತ ನಾವು ತಿಳಿದಿದ್ದೆವು. ಆವತ್ತೂ ನಾನೇ ಹೇಳಿದೆ:

"ಹಬ್ಬದ ದಿನ ಎಳ್ಳು ಬೆಲ್ಲಾನೂ ಆರಿಸ್ತಾ ಕೂತ್ಕೊಂಡಿದೀಯಲ್ಲ. ಒಂದು ಹಿಡಿ ಬಾಯಿಗೆ ಹಾಕ್ಕೊ ಕಣೇ."

ನನ್ನ ಮಾತಿಗೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಕೆಮ್ಮು ಬಂತು. ತುಟಿ ದಪ್ಪಗಾಯಿತು. ಕತ್ತಿನ ಮೇಲೆ, ಹೊಟ್ಟೆಯ ಮೇಲೆ ದದ್ದು. ನಮ್ಮ ಮನೆಯವಳು ಲಕ್ಷ್ಮಮ್ಮ, "ಹೊಸ ಲಂಗ ಹಾಕ್ಕೊಂಡು ಬೀದಿಯೆಲ್ಲ ಸುತ್ತಿದಾಳೆ, ಯಾರ ಕಣ್ಣು ಬಿತ್ತೋ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಲು ನಿಂತಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಜಾಸ್ತಿಯಾಯಿತು. ಪುಟ್ಟಿ ಏನೋ ಹೇಳಲು ಬಾಯಿ ತೆರೆದಳು. ಬಂದ ಧ್ವನಿ ಅವಳದಾಗಿರಲಿಲ್ಲ. ಗೊಗ್ಗರು ಗಂಟಲಿನ ಯಾರೋ ದೊಡ್ಡವರು ಮಾತಾಡಿದ ಹಾಗಿತ್ತು.

ರೇಖಾ ತನ್ನ ಅತ್ತೆಯ ಕೈಯಿಂದ ಮಗುವನ್ನು ಕಿತ್ತುಕೊಂಡು ಬೀದಿಗೆ ಓಡಿದಳು. ನಮ್ಮ ಎದುರು ಮನೆಯ ಆಟೋದವನು ಹಬ್ಬದ ಊಟಕ್ಕೆ ಕೂತಿದ್ದವನು ಕೈ ತೊಳೆಯದೇ ಎದ್ದು ಬಂದ. ಎಂಜಲು ಕೈಯಲ್ಲೇ ಆಟೋ ಓಡಿಸಿದ. ನಾನು ಕೈ ಮುಗಿಯಬೇಕಾದವರಲ್ಲಿ ಮೊದಲನೆಯವನು ಅವನು.

ಆಸ್ಪತ್ರೆಯಲ್ಲಿ ನರ್ಸಮ್ಮ ಒಬ್ಬರು ಮಗುವಿನ ಮುಖ ನೋಡಿದ್ದೇ ಚೀಟಿ ಗೀಟಿ ಆಮೇಲೆ ಅಂತ ಒಳಗೆ ಎತ್ತಿಕೊಂಡು ಹೋದರು. ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ನಾವು ನಾಲ್ಕೂ ಜನ ಗೋಡೆಗೆ ಒರಗಿ ನಿಂತಿದ್ದೆವು. ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು, ಸದ್ದಿಲ್ಲದ ಜಾಗ ನನಗೆ ಗೊತ್ತೇ ಇರಲಿಲ್ಲ. ಆವತ್ತು ಗೊತ್ತಾಯಿತು. ಆಮೇಲೆ ಒಳಗಿನಿಂದ ಅವಳ ಅಳು ಕೇಳಿಸಿತು. ಅವಳದೇ ಧ್ವನಿಯ ಅಳು. ಮಗು ಅತ್ತಿದ್ದಕ್ಕೆ ಲಕ್ಷ್ಮಮ್ಮ ಗಲ್ಲ ಗಲ್ಲ ಬಡಿದುಕೊಂಡು ದೇವರಿಗೆ ತಪ್ಪಾಯಿತು ಅಂದಳು, ಒಳ್ಳೇದಾಯಿತು ಅಂದಳು, ಎರಡೂ ಒಟ್ಟಿಗೆ.

ಅಲ್ಲಿನ ಡಾಕ್ಟರು ಬೆಂಗಳೂರಿನಲ್ಲಿ ಮಕ್ಕಳ ಅಲರ್ಜಿ ನೋಡುವ ಡಾಕ್ಟರಮ್ಮ ಒಬ್ಬರಿಗೆ ಕಾಗದ ಬರೆದುಕೊಟ್ಟರು. ಕೆಲವು ವಾರ ಬಿಟ್ಟು ಹೋದೆವು. ಕಾಯುವ ಕೋಣೆಯಲ್ಲಿ ನಮ್ಮ ಪಕ್ಕದಲ್ಲಿ ನಂದಗುಡಿಯ ಕಡೆಯ ಹೆಣ್ಣುಮಗಳೊಬ್ಬಳು, ಮಡಿಲಲ್ಲಿ ಮಗಳು. ಏನು ತೊಂದರೆ ತಾಯಿ ಅಂತ ಕೇಳಿದೆ.

"ಹಾಲು ಆಗಲ್ಲ ಯಜಮಾನ್ರೇ. ಮನೇಲಿ ಆರು ಹಸ ಕಟ್ಟಿದೀವಿ. ಡೈರಿಗೆ ಹಾಕೋದೇ ಹಾಲು, ತಿನ್ನೋದೇ ಅದರಿಂದ. ನಮ್ಮ ಮಗೀಗೆ ಒಂದು ತೊಟ್ಟು ಆಗಲ್ಲ."

"ನಮ್ಮದು ಕಡ್ಲೆಬೀಜ ಇರಬಹುದು ಅಂತಾವ್ರೆ."

"ಹಂಗಾದ್ರೆ ನೀವೇ ವಾಸಿ" ಅಂತ ನಕ್ಕಳು. "ಕಡ್ಲೆಬೀಜ ಕೊಟ್ಟಿಗೇಲಿ ನಿಂತ್ಕೊಂಡು ಅಂಬಾ ಅನ್ನಲ್ಲ."

ಎಷ್ಟೋ ದಿನದ ಮೇಲೆ ರೇಖಾ ನಕ್ಕಿದ್ದು ಆಗಲೇ. ಅಂಥ ಜಾಗದಲ್ಲಿ ನಗಿಸುವವರು ಸಿಗುವುದು ಪುಣ್ಯ. ಅವಳ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಅಂತ ಈಗಲೂ ಪೇಚಾಡುತ್ತೇನೆ.

ಡಾಕ್ಟರಮ್ಮ ಪುಟ್ಟಿಯ ಮುಂಗೈ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಗೆರೆಗೊಂದು ಹನಿ ಬಿಟ್ಟು, ಸಣ್ಣಗೆ ಚುಚ್ಚಿ, ಕೂತಿರಿ ಅಂದರು. ಕಡಲೆಬೀಜದ ಗೆರೆ ಹುಣಸೆಬೀಜದಷ್ಟು ದಪ್ಪ ಎದ್ದಿತು. ಕಾಂಗ್ರೆಸ್ ಗಿಡದ ಹೂವಿನ ಪುಡಿಯದೂ ಕೊಂಚ ಎದ್ದಿತು. ಹಿತ್ತಲ ಕಡೆ ಹೋದರೆ ಸೀನುತ್ತಿದ್ದದ್ದು ಯಾಕೆ ಅಂತ ಆವತ್ತು ತಿಳಿಯಿತು. ಹೂವಿನ ಪುಡಿಗೆ ಮೂಗು ಸುರಿಯುತ್ತೆ, ಕಣ್ಣು ಕಡಿಯುತ್ತೆ, ಮಾತ್ರೆ ಸಾಕು. ಕಡಲೆಬೀಜ ಮಾತ್ರ ಒಂದು ಚೂರೂ ಕೂಡದು ಅಂದರು.

"ಒಂದು ಚೂರು ಅಂದ್ರೆ ಎಷ್ಟು ತಾಯಿ?" ಅಂತ ನಾನು ಕೇಳಿದೆ.

"ನಿಮ್ಮ ಕಣ್ಣಿಗೆ ಕಾಣದಷ್ಟು ಅಂತ ಇಟ್ಕೊಳ್ಳಿ ತಾತ."

ನನಗೆ ನಂಬಿಕೆ ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಕಡಲೆಬೀಜ ತಿಂದವನು. ಆದರೂ ತಲೆಯಾಡಿಸಿದೆ.

ಆಪತ್ತಿಗೆ ಇರಲಿ ಅಂತ ಒಂದು ಪುಟ್ಟ ಡಬ್ಬಿ ಕೊಟ್ಟರು. ಒಳಗೆ ಔಷಧಿಯ ಗಾಜಿನ ಸೀಸೆ, ಸಿರಿಂಜು. ಮತ್ತೆ ಹಾಗೆ ಉಸಿರು ಕಟ್ಟಿದರೆ ಸೀಸೆಯ ಕತ್ತು ಮುರಿದು, ಹೇಳಿದಷ್ಟೇ ಎಳೆದು, ತೊಡೆಗೆ ಕೊಟ್ಟು, ತಕ್ಷಣ ಆಸ್ಪತ್ರೆಗೆ ಓಡಬೇಕು. ನರ್ಸು ಮೂಸಂಬಿ ಹಣ್ಣಿಗೆ ಚುಚ್ಚಿಸಿ ಕಲಿಸಿದರು. ರೇಖಾ ಗೆರೆ ದಾಟಿಸಿ ಎಳೆದಳು. ಮಂಜುನಾಥ ಸೀಸೆಯ ಕತ್ತು ಮುರಿಯಲು ಹೋಗಿ ಸೀಸೆಯನ್ನೇ ಪುಡಿ ಮಾಡಿದ. ನನ್ನ ಬೆರಳು ಕೂದಲಿಗಿಂತ ಸಣ್ಣ ಎಳೆ ಹಿಡಿದು ಪಳಗಿದ್ದು. ಒಂದೇ ಸಲಕ್ಕೆ ಗೆರೆಗೆ ಸರಿಯಾಗಿ ಎಳೆದೆ. ನರ್ಸು, "ತಾತ ಪಾಸು" ಅಂದರು. ನಾಲ್ಕನೇ ಕ್ಲಾಸಿನ ಮೇಲೆ ನಾನು ಪಾಸಾದದ್ದು ಅದೊಂದೇ ಪರೀಕ್ಷೆ.

ಮನೆಗೆ ಬಂದ ದಿನವೇ ರೇಖಾ ಅಡುಗೆಮನೆ ಬರಿದು ಮಾಡಿದಳು. ಚಟ್ನಿಪುಡಿ ಹೋಯಿತು. ಗಾಣದ ಕಡಲೆಕಾಯಿ ಎಣ್ಣೆ ಹೋಯಿತು. ಮಿಕ್ಸಿಯ ಜಾರನ್ನೇ ಬದಲಾಯಿಸಿದಳು. ಲಕ್ಷ್ಮಮ್ಮ ಮೊದಮೊದಲು ಗೊಣಗಿದರೂ ಆಮೇಲೆ ಹುರಿಗಡಲೆಯಲ್ಲಿ ಚಟ್ನಿ ಮಾಡಲು ಕೂತಳು. ಪುಟ್ಟಿಗೆ ಹುರಿಗಡಲೆ ಆಗುತ್ತೆ ಅಂತ ಡಾಕ್ಟರಮ್ಮ ನೋಡಿ ಹೇಳಿದ್ದರು.

ಇನ್ನು ನನ್ನ ವಿಷಯ. ಎಳೆ ಹೊಸೆಯುವ ಕೆಲಸದಲ್ಲಿ ಮಧ್ಯಾಹ್ನ ತೂಕಡಿಕೆ ಬರುತ್ತದೆ. ಅದಕ್ಕೆ ಹರೆಯದಿಂದಲೂ ನನ್ನ ಅಂಗಿಯ ಜೇಬಿನಲ್ಲಿ ಒಂದು ಹಿಡಿ ಹುರಿದ ಕಡಲೆಬೀಜ ಇರುತ್ತಿತ್ತು. ಒಂದೊಂದನ್ನೇ ದವಡೆಗೆ ಹಾಕಿಕೊಂಡರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅಡುಗೆಮನೆಯಲ್ಲಿ ಕೂಡದು ಅಂದರು, ಸರಿ. ಮಗ್ಗದ ಮನೆ ಅಡುಗೆಮನೆಯಲ್ಲವಲ್ಲ. ಮಗುವಿಗೆ ಕೊಡುತ್ತೇನೆಯೇ? ಇಲ್ಲ. ಅವಳು ಬರುವ ಹೊತ್ತಿಗೆ ಅಗಿದು ನುಂಗಿರುತ್ತೇನೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಹೇಳಲಿಲ್ಲ.

ಎರಡು ವಾರ ಚೆನ್ನಾಗಿತ್ತು. ಒಂದು ಸಂಜೆ ಪುಟ್ಟಿಯ ತುಟಿ ಮತ್ತೆ ಊದಿತು, ಬಾಯಿಯ ಸುತ್ತ ದದ್ದು. ಡಾಕ್ಟರಮ್ಮ ಬರೆದಿದ್ದ ಔಷಧಿಗೆ ಇಳಿಯಿತು. ನಾಲ್ಕು ದಿನಕ್ಕೆ ಇನ್ನೊಂದು ಸಲ. ಆಮೇಲೆ ಮತ್ತೊಂದು. ಪ್ರತಿ ಸಲವೂ ನಾನು ಡಬ್ಬಿ ತೆರೆದು ಮಡಿಲಲ್ಲಿಟ್ಟುಕೊಂಡು, ಅವಳ ಉಸಿರು ನೋಡುತ್ತಾ ಕೂರುತ್ತಿದ್ದೆ. ಈ ಸಲ ಇಳಿಯಿತು, ಮುಂದಿನ ಸಲ ಇಳಿಯದಿದ್ದರೆ ಅನ್ನುವ ಒಂದೇ ಯೋಚನೆ ಮನೆಯ ಎಲ್ಲರ ತಲೆಯಲ್ಲೂ. ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ಯಾರಿಗೂ ನೆಮ್ಮದಿ ಇಲ್ಲ.

ರೇಖಾ ಶಾಲೆಯನ್ನು ಅನುಮಾನಿಸಿದಳು. ಮಿಸ್ ಜೊತೆ ಜಗಳ ಆಡಿ ಬಂದಳು. ಆ ಮಿಸ್ ಪಾಪ, ಮಕ್ಕಳ ಊಟದ ಡಬ್ಬಿ ದಿನಾ ನೋಡಿ ಪುಟ್ಟಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣುತ್ತಿದ್ದರು. ಲಕ್ಷ್ಮಮ್ಮ ಹಿತ್ತಲಿನ ಹೊಂಗೆ ಮರ ಹೂ ಬಿಟ್ಟಿದೆ, ಅದರದೇ ಕಾಟ ಅಂದಳು. ಮಂಜುನಾಥ ಪಕ್ಕದ ಮನೆಯವರು ತಿಂಡಿ ಕೊಟ್ಟಿರಬೇಕು ಅಂದ. ಅದು ಪಕ್ಕದ ಮನೆಯಾಕೆಯ ಕಿವಿಗೆ ಬಿದ್ದು, ಅವಳು ಮಾತು ಬಿಟ್ಟಳು. ಕೊನೆಗೆ ಪುಟ್ಟಿಯನ್ನು ಶಾಲೆ ಬಿಡಿಸಿ ಮನೆಯಲ್ಲೇ ಇರಿಸಿಕೊಂಡರು. ಮನೆಯಲ್ಲಿದ್ದರೆ ಏನು ಮಾಡಬೇಕು ಪಾಪ, ಬೆಳಿಗ್ಗೆಯಿಂದಲೇ ನನ್ನ ಎದುರಿಗೆ ಎಳೆ ಬಿಡಿಸಲು ಕೂತಳು. ದದ್ದು ವಾರಕ್ಕೆ ಮೂರು ಸಲ ಬರತೊಡಗಿತು.

"ಶಾಲೆಗೆ ಯಾವಾಗ ಹೋಗೋದು ತಾತ?" ಅಂತ ದಿನಾ ಕೇಳುತ್ತಿದ್ದಳು. "ನನ್ನ ಜಾಗದಲ್ಲಿ ಬೇರೆ ಯಾರನ್ನೋ ಕೂರಿಸಿಬಿಡ್ತಾರೆ."

ಮತ್ತೆ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ನಮ್ಮ ಯಾರ ಮಾತನ್ನೂ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಪುಟ್ಟಿಯ ಎದುರಿಗೆ ಕೂತು, "ನೀನು ಹೇಳಮ್ಮ. ಎದ್ದಾಗಿಂದ ಮಲಗೋವರೆಗೂ ಏನೇನು ಮಾಡ್ತೀಯ?" ಅಂದರು.

"ಹಲ್ಲುಜ್ತೀನಿ. ದೋಸೆ ತಿಂತೀನಿ. ಆಮೇಲೆ ತಾತನ ಜೊತೆ ಕೆಲಸ ಮಾಡ್ತೀನಿ."

"ಏನು ಕೆಲಸ?"

"ಎಳೆ ಬಿಡಿಸಿ ಕೊಡ್ತೀನಿ. ತಾತ ಹೊಸೀತಾರೆ. ಈಗೀಗ ನಂಗೂ ಹೊಸೆಯಕ್ಕೆ ಬರುತ್ತೆ."

"ಹೌದಾ? ಹೇಗೆ, ತೋರಿಸು."

ಪುಟ್ಟಿ ತೋರುಬೆರಳು, ಹೆಬ್ಬೆರಳು ಎರಡನ್ನೂ ನಾಲಿಗೆಗೆ ಒತ್ತಿಕೊಂಡು ಗಾಳಿಯಲ್ಲಿ ಹೊಸೆದು ತೋರಿಸಿದಳು. ನಾನು ಮಾಡುವ ಹಾಗೇ. ನಮ್ಮಪ್ಪ ಮಾಡುತ್ತಿದ್ದ ಹಾಗೇ. "ತಾತ ಹೊಸೆದಿದ್ದು ಬಿಚ್ಚಿಕೊಂಡ್ರೆ ನಾನು ಇನ್ನೊಂದ್ಸಲ ಹೊಸೀತೀನಿ" ಅಂತ ಹೆಮ್ಮೆಯಿಂದ ಹೇಳಿದಳು.

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಲ್ಲಿ ಐದಾರು ಕಾಳು ಇದ್ದವು. ಆಸ್ಪತ್ರೆಗೆ ಹೊರಡುವಾಗ ಅಂಗಿ ಬದಲಾಯಿಸಿರಲಿಲ್ಲ. ಅಗಿಯುವ ಬಾಯಿ, ಆ ಬಾಯಿಗೆ ತಾಗಿದ ಬೆರಳು, ಆ ಬೆರಳು ಹೊಸೆದ ಎಳೆ, ಆ ಎಳೆ ಮುಟ್ಟಿ ಅವಳು ಬಾಯಿಗಿಟ್ಟುಕೊಂಡ ಬೆರಳು. ಕಣ್ಣಿಗೆ ಕಾಣದಷ್ಟು ಅಂದಿದ್ದರಲ್ಲ. ಅಷ್ಟೂ ದೂರ ಎಳೆ ಹಿಡಿದು ಹೋದ ಹಾಗೆ ನನಗೆ ಕಂಡುಬಿಟ್ಟಿತು.

ಸುಮ್ಮನಿರಬಹುದಿತ್ತು. ಮನೆಗೆ ಹೋಗಿ ಜೇಬು ಖಾಲಿ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಂತ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ಪಕ್ಕದ ಮನೆಯಾಕೆ ಮಾತು ಬಿಟ್ಟಿದ್ದಳು, ಮಿಸ್ ಬೈಸಿಕೊಂಡಿದ್ದರು, ಮಗು ಶಾಲೆ ಬಿಟ್ಟಿತ್ತು. ಕಾಳುಗಳನ್ನು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದೆ.

"ತಾಯಿ, ಇದು ನಾನೇ" ಅಂದೆ.

ಡಾಕ್ಟರಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಕಾಗದ ಕೊಟ್ಟು, ಕಾಳು ಅದರಲ್ಲಿ ಸುತ್ತಿಸಿ ಕಸದ ಡಬ್ಬಿಗೆ ಹಾಕಿಸಿದರು. ಕೈ ಸೋಪು ಹಾಕಿ ತೊಳೆದು ಬರಲು ಹೇಳಿದರು. ನಾನು ಬಂದ ಮೇಲೆ, "ಸಿಕ್ತಲ್ಲ ತಾತ, ಅದೇ ದೊಡ್ಡದು. ಎಷ್ಟೋ ಮನೆಗಳಲ್ಲಿ ಹುಡುಕಿದ್ರೂ ಸಿಗಲ್ಲ. ಇನ್ನು ಶಾಲೆಗೆ ಕಳಿಸಿ" ಅಂದರು.

ಬಸ್ಸಿನಲ್ಲಿ ರೇಖಾ ಪುಟ್ಟಿಯನ್ನು ಮಡಿಲಿಗೆ ಒರಗಿಸಿಕೊಂಡು ಕಿಟಕಿಯ ಪಕ್ಕ ಕೂತಳು. ಯಲಹಂಕ ದಾಟಿತು. ರಾಜಾನುಕುಂಟೆ ದಾಟಿತು. ಪುಟ್ಟಿ ನಿದ್ದೆ ಹೋಗಿದ್ದಳು. ಊರು ಹತ್ತಿರ ಬಂದಾಗ ರೇಖಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

"ಮಾವ, ನಿಮ್ಮ ಅಂಗಿಗಳನ್ನೆಲ್ಲ ಕೊಡಿ. ಜೇಬು ಒಳಗಿಂದ ಹೊರಗೆ ತಿರುಗಿಸಿ ನಾನೇ ಒಗೀತೀನಿ."

"ಬೈಯಮ್ಮ ನನಗೆ" ಅಂದೆ.

"ಬೈಬೇಕು ಅಂತ್ಲೇ ಇಷ್ಟು ಹೊತ್ತು ಮಾತು ಹುಡುಕ್ತಾ ಇದ್ದೆ. ಜೇಬಲ್ಲಿರೋದು ನೀವು ಹೇಳದೇ ಇದ್ದಿದ್ರೆ ನಾನು ಇನ್ನೂ ಊರವರನ್ನೆಲ್ಲ ಬೈಕೊಂಡು ತಿರುಗ್ತಿದ್ದೆ. ಅದು ನೆನಪಾಗಿ ಬೈಯೋಕೆ ಆಗ್ತಿಲ್ಲ."

ಮನೆಗೆ ಬಂದು ಪಕ್ಕದ ಮನೆಯಾಕೆಯ ಹತ್ತಿರ ನಾನೇ ಹೋಗಿ ತಪ್ಪಾಯಿತು ಅಂದೆ. "ಅಯ್ಯೋ ಬಿಡಿ ಅಣ್ಣ, ಇನ್ಮೇಲೆ ನಾನೂ ಹುಷಾರಾಗಿರ್ತೀನಿ" ಅಂದಳು. ಆಮೇಲೆ ನಗು ತಡೆಯಲಾಗದೆ, "ಕಳ್ಳ ಮನೇಲೇ ಇದ್ನಲ್ಲ" ಅಂತ ಸೇರಿಸಿದಳು. ರೇಖಾ ಶಾಲೆಗೆ ಹೋಗಿ ಮಿಸ್ ಮುಂದೆ ಅತ್ತು ಬಂದಳು. ಆವತ್ತಿನಿಂದ ನಾನು ಕಡಲೆಬೀಜ ಮುಟ್ಟಿಲ್ಲ. ಎಳೆ ಹೊಸೆಯಲು ಒಂದು ಚಿಪ್ಪಿನಲ್ಲಿ ಬೂದಿ ಇಟ್ಟುಕೊಂಡಿದ್ದೇನೆ. ತೂಕಡಿಕೆ ಬಂದರೆ ಎದ್ದು ಮುಖ ತೊಳೆಯುತ್ತೇನೆ. ಪುಟ್ಟಿಯ ತುಟಿ ಆಮೇಲೆ ಊದಲೇ ಇಲ್ಲ. ಕಾಂಗ್ರೆಸ್ ಗಿಡ ಹೂ ಬಿಡುವ ಕಾಲಕ್ಕೆ ಸೀನುತ್ತಾಳೆ, ಮಾತ್ರೆ ತಿಂದು ಶಾಲೆಗೆ ಹೋಗುತ್ತಾಳೆ. ಮಿಸ್ ಅವಳ ಜಾಗ ಯಾರಿಗೂ ಕೊಟ್ಟಿರಲಿಲ್ಲ.

ಮೂರನೇ ಕ್ಲಾಸಿನಲ್ಲಿ ಮಕ್ಕಳನ್ನೆಲ್ಲ ಶಿವಗಂಗೆಗೆ ಕರೆದುಕೊಂಡು ಹೋಗುತ್ತೇವೆ ಅಂತ ಶಾಲೆಯವರು ಹೇಳಿದರು. ಮನೆಯಲ್ಲಿ ಮತ್ತೆ ಹೆದರಿಕೆ ಹೊಕ್ಕಿತು. ಬೆಟ್ಟದ ದಾರಿಯುದ್ದಕ್ಕೂ ಮಾರುವವರು, ಹರಕೆಯವರು, ಸಿಕ್ಕ ಮಕ್ಕಳಿಗೆಲ್ಲ ಏನಾದರೂ ಕೊಡುವ ಭಕ್ತರು. ಕಳಿಸುವುದು ಬೇಡ ಅಂತ ಮಂಜುನಾಥ. ಎಷ್ಟು ದಿನ ಹೀಗೆ ಕಟ್ಟಿಹಾಕೋದು ಅಂತ ರೇಖಾ. ಮಿಸ್ ಬಂದು, ಮನೆಯ ಒಬ್ಬರು ದೊಡ್ಡವರು ಬರುವುದಾದರೆ ನಾನು ಕರೆದುಕೊಂಡು ಹೋಗುತ್ತೇನೆ ಅಂದರು. ಡಬ್ಬಿಯಲ್ಲಿ ಪಾಸಾದವನು ನಾನೇ, ನಾನೇ ಹೊರಟೆ. ಜೊತೆಯ ಮಕ್ಕಳ ತಾಯಂದಿರೆಲ್ಲ ಮಿಸ್ ಹೇಳಿದ್ದಕ್ಕೆ ಕಡಲೆಬೀಜ ಹಾಕದೆ ಪುಳಿಯೋಗರೆ ಮಾಡಿ ಕಳಿಸಿದ್ದರು. ನಾನು ಮುಖವನ್ನೂ ನೋಡದ ತಾಯಂದಿರು. ಅವರಿಗೂ ಕೈ ಮುಗಿಯುತ್ತೇನೆ.

ಬೆಟ್ಟದಲ್ಲಿ ನನ್ನ ಮಂಡಿ ಅರ್ಧಕ್ಕೇ ಸೋತಿತು. ಡಬ್ಬಿಯ ಕೆಲಸ ಮಿಸ್ ಕೂಡ ಕಲಿತಿದ್ದರು. ಅದನ್ನು ಅವರ ಕೈಗೆ ಕೊಟ್ಟು, ಕಲ್ಲಿನ ಮಂಟಪದ ನೆರಳಲ್ಲಿ ಕೂತೆ. ಅವರು ಮೇಲೆ ಹೋಗಿ ಇಳಿಯುವವರೆಗೆ ನನ್ನ ಕಣ್ಣು ಮೆಟ್ಟಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಮಕ್ಕಳು ಸಾಲಾಗಿ ಇಳಿದು ಬಂದರು. ಪುಟ್ಟಿ ಮುಂದಿದ್ದಳು. ನನ್ನ ಎದುರಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬೇಯಿಸಿದ ಕಡಲೆಕಾಯಿ, ದೇವರಿಗೆ ತೋರಿಸಿ ತಂದದ್ದು. ಪುಟ್ಟಿಯನ್ನು ತಡೆದು ಒಂದು ಹಿಡಿ ಚಾಚಿದಳು.

ನಾನು ಮಂಟಪದ ಕಂಬ ಹಿಡಿದು ಏಳಲು ಶುರುಮಾಡಿದೆ.

"ಬೇಡ ಅಜ್ಜಿ. ನನಗೆ ಆಗಲ್ಲ."

"ಪ್ರಸಾದ ಕಣವ್ವ. ಬ್ಯಾಡ ಅನ್ನಬಾರದು. ದೇವರು ಮುಟ್ಟಿದ್ದು ಏನೂ ಮಾಡಲ್ಲ."

ಇಂಥ ಮಾತಿಗೆ ನಾನಾದರೆ ಕೈ ಚಾಚಿಬಿಡುತ್ತಿದ್ದೆ. ಪುಟ್ಟಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಮೆಟ್ಟಿಲು ಹಿಂದಕ್ಕೆ ಸರಿದಳು.

"ದೇವರಿಗೆ ಮೇಲೆ ಕೈ ಮುಗಿದು ಬಂದಿದೀನಿ ಅಜ್ಜಿ. ಕಡ್ಲೆಕಾಯಿ ತಿಂದ್ರೆ ನಂಗೆ ಉಸಿರು ಕಟ್ಟುತ್ತೆ. ಆಸ್ಪತ್ರೆ ಕೆಳಗಿದೆ, ದೂರ."

ಅಜ್ಜಿ ಅವಳ ಮುಖ ನೋಡಿದಳು. ಹಿಡಿಯನ್ನು ಬುಟ್ಟಿಗೆ ವಾಪಸ್ಸು ಸುರಿದು, ಸೆರಗಿಗೆ ಕೈ ಒರೆಸಿಕೊಂಡು, ಚೀಲದಿಂದ ಒಂದು ಬಾಳೆಹಣ್ಣು ತೆಗೆಯಲು ಹೋದಳು.

"ಅದೂ ಬೇಡ. ಕೈ ತೊಳ್ದಿಲ್ಲ ನೀವು" ಅಂದಳು ನಮ್ಮ ಪುಟ್ಟಿ.

"ಅಲೆ ಇವಳ, ಪೊಲೀಸಿನೋಳ ಥರ ಅವ್ಳೆ" ಅಂತ ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. ಪುಟ್ಟಿಯೂ ನಕ್ಕು, ಮಿಸ್ ಕೈ ಹಿಡಿದುಕೊಂಡು, ಹಿಂದಿದ್ದ ಗೆಳತಿಯರಿಗೆ ಬನ್ನಿ ಅಂತ ಕೂಗಿ ಮುಂದಿನ ಮೆಟ್ಟಿಲು ಇಳಿದಳು.

ನಾನು ಅರ್ಧ ಎದ್ದಿದ್ದವನು ಮತ್ತೆ ಕೂತೆ.